ಕೋಳಿಗಳ ನುಸಿಪೀಡೆ: ಗುರುತೂ ಚಿಕಿತ್ಸೆಯೂ

ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಕಕ್ಕಿಂಜೆಯಂಥ ಊರುಗಳಲ್ಲಿ ಅಡಿಕೆ ತೆಂಗುಗಳ ನುಸಿಯನ್ನು ಅರಿಯದ ಕೃಷಿಕರು ವಿರಳ. ಆದರೆ ಅದೇ ಕುಲಕ್ಕೆ ಸೇರಿದ ಬೇರೊಂದು ಜೀವಿಯು ಹಿತ್ತಿಲ ಕೋಳಿಗೂಡಿನಲ್ಲಿ ನೆಲೆಸಿ ಹಕ್ಕಿಗಳ ರಕ್ತವನ್ನು ಹೀರುವುದನ್ನು ಗಮನಿಸುವವರು ಕಡಮೆ. ಹೇಂಟೆಯು ಕಾವನ್ನು ಬಿಟ್ಟೆದ್ದರೆ ಅದರ ಗುಣವೇ ಸರಿಯಿಲ್ಲವೆಂದೂ, ಮರಿಗಳು ಒಂದೊಂದಾಗಿ ಸತ್ತರೆ ಮಳೆಗಾಲದ ಥಂಡಿಯೇ ಕಾರಣವೆಂದೂ ಹೇಳಿಬಿಡುವುದುಂಟು. ಇಂಥ ಸಂದರ್ಭಗಳಲ್ಲಿ ಗೂಡನ್ನೂ ತಪ್ಪದೆ ಪರೀಕ್ಷಿಸತಕ್ಕದ್ದು.

ಹೇನಿಗೆ ಆರು ಕಾಲುಗಳು; ಬೆಳೆದ ಕೋಳಿನುಸಿಗೆ ಉಣ್ಣಿಗಿರುವಂತೆ ಎಂಟು. ಹೇನು ಸದಾ ಹಕ್ಕಿಯ ಮೈಮೇಲೆಯೇ ಇರುವುದು. ಕೆಂಪುನುಸಿಯಾದರೋ ಹಗಲೆಲ್ಲ ಗೂಡಿನ ಸಂದುಗಳಲ್ಲಿ ಅಡಗಿದ್ದು, ರಾತ್ರಿ ಹೊರಬಂದು ರಕ್ತವನ್ನು ಕುಡಿದು ಹಿಂದಿರುಗುವುದು. ಆದುದರಿಂದ ಹಗಲಿನಲ್ಲಿ ಕೋಳಿಯ ರೆಕ್ಕೆಯನ್ನು ಬಿಡಿಸಿ ನೋಡಿದವರಿಗೆ ಏನೂ ಕಾಣದು. ಇದರ ಉದ್ದ ಸುಮಾರು ಒಂದು ಮಿಲಿಮೀಟರು. ಹಸಿದಾಗ ಬೂದುಬಣ್ಣ, ರಕ್ತವನ್ನು ಕುಡಿದಾಗ ಕೆಂಪು. ಸೆಕೆಯ ದಿನಗಳಲ್ಲಿ ಮೊಟ್ಟೆಯಿಂದ ಪೂರ್ಣ ಬೆಳವಣಿಗೆಗೆ ಏಳರಿಂದ ಹತ್ತು ದಿನ ಸಾಕು. ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲುದಾದ ಕಾರಣ, ಗೂಡನ್ನು ಕೆಲವು ವಾರ ಬರಿದಾಗಿ ಬಿಟ್ಟ ಮಾತ್ರಕ್ಕೆ ಪೀಡೆಯು ತೊಲಗದು.

ಜುಟ್ಟು ಬಿಳಿಚಿಕೊಳ್ಳುವುದು, ಮೊಟ್ಟೆ ಕಡಮೆಯಾಗುವುದು, ಸಂಜೆ ಕೋಳಿಗಳು ಗೂಡನ್ನು ಹೊಗಲು ಹಿಂಜರಿಯುವುದು, ಮೊಟ್ಟೆ ತೆಗೆದವರ ಕೈಗಳಲ್ಲಿ ತುರಿಕೆ ಏಳುವುದು, ಇವು ಲಕ್ಷಣಗಳು. ಸಂಶಯ ಬಂದಲ್ಲಿ ಕೋಳಿ ಕೂರುವ ಅಡ್ಡಕೋಲಿಗೆ ಬಿಳಿಯ ಬಟ್ಟೆಯನ್ನು ಸುತ್ತಿ, ಕತ್ತಲಾದ ಕೆಲವು ತಾಸುಗಳ ಮೇಲೆ ಟಾರ್ಚು ಹಿಡಿದು ನೋಡಬೇಕು. ಹರಿದಾಡುವ ಚುಕ್ಕೆಗಳನ್ನು ಒರೆಸಿದಾಗ ರಕ್ತದ ಕಲೆ ಬಿದ್ದರೆ ಸಂಶಯಕ್ಕೆ ಎಡೆಯಿಲ್ಲ.

ಮದ್ದು ಮುಖ್ಯವಾಗಿ ಗೂಡಿಗೆ. ಬೆಳಗ್ಗೆ ಕೋಳಿಗಳನ್ನು ಹೊರಗೆ ಬಿಟ್ಟು, ಹಳೆಯ ಹುಲ್ಲು ತರಗೆಲೆಗಳನ್ನು ದೂರ ಒಯ್ದು ಸುಡಬೇಕು. ಅಡಿಕೆ ಸಲಾಕೆಗಳ ಸಂದು, ಕಟ್ಟಿನ ಹಗ್ಗ, ಕಾವಿನ ಬುಟ್ಟಿ, ಇವುಗಳ ಮೇಲೆ ಕುದಿಯುವ ನೀರನ್ನು ಹೊಯ್ದು ಬಿಸಿಲಿನಲ್ಲಿ ಒಣಗಿಸಿ, ಸಾಬೂನು ನೀರಿನಲ್ಲಿ ಕದಡಿದ ಬೇವಿನೆಣ್ಣೆಯನ್ನು ಸಂದುಗಳಿಗೆ ಬಳಿದು, ಗೋಡೆಗೆ ಸುಣ್ಣ ಹಚ್ಚಬೇಕು. ಉಳಿದ ಮೊಟ್ಟೆಗಳು ಒಡೆದು ಮರಿಯಾಗುವುದರಿಂದ, ವಾರಕ್ಕೊಮ್ಮೆಯಂತೆ ಇನ್ನೆರಡು ಸಲ ಇದನ್ನೇ ಮಾಡತಕ್ಕದ್ದು. ಒಣಮಣ್ಣು ಬೂದಿಗಳಲ್ಲಿ ಹೊರಳಾಡಲು ಕೋಳಿಗಳಿಗೆ ಮಳೆ ತಾಗದ ಒಂದು ಮೂಲೆಯಿರಲಿ.

ಕಾಲಿನ ನುಸಿಯ ರೀತಿ ಬೇರೆ. ಅದು ಹಕ್ಕಿಯ ಕಾಲಿನ ಚರ್ಮವನ್ನು ಕೊರೆದು ಒಳಗೇ ವಾಸಿಸುವುದು. ಹುರುಪೆಗಳು ಎದ್ದು ನಿಂತು, ಕಾಲು ಸುಣ್ಣ ಮೆತ್ತಿದಂತೆ ದಪ್ಪವಾಗುವುದು. ಹುರುಪೆಯನ್ನು ಕಿತ್ತರೆ ರಕ್ತ ಸುರಿದು ಗಾಯವಾದೀತು. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲನ್ನು ನೆನೆಸಿ, ಮೆಲ್ಲನೆ ಉಜ್ಜಿ, ಒರೆಸಿ, ತೆಂಗಿನೆಣ್ಣೆಯನ್ನು ಕೆಲವು ವಾರಗಳ ತನಕ ಹಚ್ಚುತ್ತ ಬರಬೇಕು. ಪಂಜರದ ಸಣ್ಣ ಗಿಳಿಗಳಲ್ಲಿ ಇದರ ಹತ್ತಿರದ ಜಾತಿಯೊಂದು ಕೊಕ್ಕಿನ ಸುತ್ತ ಜೇನುಹುಟ್ಟಿನಂಥ ಹುರುಪೆಯನ್ನು ಎಬ್ಬಿಸುವುದು. ಅವುಗಳ ಗರಿಗೆ ಎಣ್ಣೆ ತಾಗಿದರೆ ಅಪಾಯ. ಐವರ್ಮೆಕ್ಟಿನ್ ಮದ್ದಿನ ಪ್ರಮಾಣವನ್ನು ಪಶುವೈದ್ಯರೇ ನಿಶ್ಚಯಿಸಬೇಕು.

ತೋಟಕ್ಕೆ ತಂದ ಕೀಟನಾಶಕವನ್ನು ಗೂಡಿಗಾಗಲಿ ಹಕ್ಕಿಗಾಗಲಿ ಸರ್ವಥಾ ಸಿಂಪಡಿಸಕೂಡದು. 2017ರಲ್ಲಿ ಹಾಲೆಂಡ್, ಬೆಲ್ಜಿಯಂ ದೇಶಗಳಲ್ಲಿ ಕೆಂಪುನುಸಿಯನ್ನು ಕೊಲ್ಲಲು ಕೋಳಿಮನೆಗಳಲ್ಲಿ ಬಳಸಿದ ಫಿಪ್ರೊನಿಲ್ ವಿಷವು ಮೊಟ್ಟೆಗಳಿಗೆ ಸೇರಿ, ಲಕ್ಷಗಟ್ಟಲೆ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಈ ತಾಲೂಕಿಗೆ ಅಷ್ಟು ದೂರದ ನಿದರ್ಶನವೂ ಬೇಕಿಲ್ಲ. ಗೇರುತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ ಬಳಿಕ ಕೊಕ್ಕಡ, ಪಟ್ರಮೆಗಳ ಮನೆಗಳು ಕಂಡ ಸಂಕಟವು ಎಲ್ಲರಿಗೂ ತಿಳಿದದ್ದೇ. ಆ ವಿಷವನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧಿಸಿತು.

ಕಾವಿನ ಹೇಂಟೆ, ಬುಟ್ಟಿ, ಹುಂಜಗಳು ಮನೆಯಿಂದ ಮನೆಗೆ ಹೋಗುವಾಗ ನುಸಿಯೂ ಜತೆಯಲ್ಲೇ ಹೋಗುವುದು. ಒಬ್ಬನು ಗೂಡನ್ನು ತೊಳೆದು ನೆರೆಯವನು ಸುಮ್ಮನಿದ್ದರೆ ಶ್ರಮವು ವ್ಯರ್ಥ. ಊರಿನ ಮುಖಂಡರೂ ಜಮೀನುದಾರರೂ ಮಳೆಗೆ ಮುನ್ನ ಒಂದು ದಿನವನ್ನು ಗೊತ್ತುಮಾಡಿ, ಎಲ್ಲ ಮನೆಗಳ ಗೂಡುಗಳೂ ಏಕಕಾಲಕ್ಕೆ ಶುದ್ಧವಾಗುವಂತೆ ನೋಡಿಕೊಳ್ಳುವುದು ಉಚಿತ. ಹೊಸದಾಗಿ ತಂದ ಹಕ್ಕಿಯನ್ನು ಎರಡು ವಾರ ಪ್ರತ್ಯೇಕವಾಗಿರಿಸಿ, ಪರೀಕ್ಷಿಸಿದ ಮೇಲೆಯೇ ಗೂಡಿಗೆ ಸೇರಿಸಬೇಕು.