ವಸತಿನಿಲಯಗಳ ಮುಸುರೆಯಿಂದ ಅಡುಗೆ ಅನಿಲ

ಕಪಿಲಾ ಮತ್ತು ಕಾವೇರಿ ನದಿಗಳ ಬಯಲಿನಲ್ಲಿರುವ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ವಸತಿಶಾಲೆ ಹಾಗೂ ವಿದ್ಯಾರ್ಥಿನಿಲಯಗಳಲ್ಲಿ ಅನ್ನವೂ ರಾಗಿಮುದ್ದೆಯೂ ನಿತ್ಯದ ಊಟ. ಮನೆಯ ಮುಸುರೆ ದನಕರುಗಳ ಪಾಲಾಗುತ್ತದೆ. ನೂರಾರು ಮಕ್ಕಳು ಉಣ್ಣುವ ಕಡೆ ಅದು ಗುಂಡಿಯಲ್ಲಿ ಕೊಳೆಯುತ್ತದೆ. ಇದನ್ನೇ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ಸುಮಾರು ಶೇ. 60ರಷ್ಟು ಮೀಥೇನ್ ಇರುವ ಉರಿಯುವ ಅನಿಲ ದೊರೆಯುತ್ತದೆ.

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬಂದರೆ, ಅಷ್ಟೇ ಮುಸುರೆಯಿಂದ 80ರಿಂದ 100 ಲೀಟರ್ ನಿರೀಕ್ಷಿಸಬಹುದು. ಸಗಣಿಯ ಸತ್ವವನ್ನು ಹಸು ಮೊದಲೇ ಹೀರಿಕೊಂಡಿರುವುದೇ ಇದಕ್ಕೆ ಕಾರಣ. ಒಂದು ಘನಮೀಟರ್ ಜೈವಿಕ ಅನಿಲವು ಸುಮಾರು 0.45 ಕಿಲೋ ಎಲ್.ಪಿ.ಜಿ.ಗೆ ಸಮ. ಆದ್ದರಿಂದ ದಿನಕ್ಕೆ 100 ಕಿಲೋ ಮುಸುರೆ ದೊರೆತರೆ ಉಳಿತಾಯ ಸುಮಾರು 4 ಕಿಲೋ ಎಲ್.ಪಿ.ಜಿ.; ಅಂದರೆ ಐದು ದಿನಕ್ಕೆ 19 ಕಿಲೋ ತೂಕದ ಒಂದು ಸಿಲಿಂಡರ್.

ಈ ಲೆಕ್ಕವನ್ನು ಮೊದಲೇ ಹಾಕುವುದು ಏಕೆ ಅಗತ್ಯವೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ತಂಡವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರವನ್ನು ಸ್ಥಾಪಿಸಿತು. ದೊರೆತ ಸಗಣಿಯಿಂದ ಹುಟ್ಟಿದ ಅನಿಲ ಊರಿನ ಅಡುಗೆಗೆ ಸಾಲಲಿಲ್ಲ. 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ ಊರಿಗೆ ನೀರು, ಬೆಳಕು ಒದಗಿಸಲಾಯಿತು. ಸ್ಥಾವರ ಕಟ್ಟುವ ಮುನ್ನ ಕೆಲವು ವಾರ ಮುಸುರೆಯನ್ನು ತೂಗಿ ನೋಡಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ.

ಎರಡನೆಯ ತೊಡಕು ತೊಟ್ಟಿಯ ಒಳಗಿನದು. ಅನ್ನ, ಮುದ್ದೆಗಳ ಪಿಷ್ಟವು ಬೇಗನೆ ಹುಳಿತು ಆಮ್ಲವಾಗುತ್ತದೆ; ಆಮ್ಲವನ್ನು ಮೀಥೇನ್ ಆಗಿಸುವ ಸೂಕ್ಷ್ಮಜೀವಿಗಳಾದರೋ ನಿಧಾನವಾಗಿ ಬೆಳೆಯುತ್ತವೆ. ಹಬ್ಬದೂಟದ ಮರುದಿನ ಮಿಕ್ಕಿದ್ದೆಲ್ಲವನ್ನೂ ಒಮ್ಮೆಗೇ ಸುರಿದರೆ ಆಮ್ಲ ಹೆಚ್ಚಿ ಆ ಜೀವಿಗಳು ಕುಗ್ಗುತ್ತವೆ. ಆಗಲೂ ಅನಿಲ ಬರುತ್ತಿರುತ್ತದೆ, ಆದರೆ ಅದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚಾಗಿ ಒಲೆ ಹೊತ್ತುವುದಿಲ್ಲ. ಅಂತಹ ಸಂದರ್ಭದಲ್ಲಿ ಕೆಲವು ದಿನ ಮುಸುರೆ ನಿಲ್ಲಿಸಿ, ಸಗಣಿ ಬಗ್ಗಡವನ್ನೂ ಸ್ವಲ್ಪ ಸುಣ್ಣದ ತಿಳಿಯನ್ನೂ ಸೇರಿಸಬೇಕು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗಲೂ ಮುಸುರೆಯ ಪ್ರಮಾಣವನ್ನು ದಿನದಿಂದ ದಿನಕ್ಕೆ ಏರಿಸುತ್ತ ಹೋಗಬೇಕು. ಮೂಳೆ, ನಿಂಬೆ ಸಿಪ್ಪೆ, ಪ್ಲಾಸ್ಟಿಕ್, ಸಾಬೂನು ನೀರು ತೊಟ್ಟಿಗೆ ಸೇರಬಾರದು.

ಹೊರಬರುವ ಬಗ್ಗಡದಲ್ಲಿ ಸಾರಜನಕ ಉಳಿದಿರುವುದರಿಂದ ಅದು ಬತ್ತದ ಗದ್ದೆಗೂ ಶಾಲೆಯ ಕೈತೋಟಕ್ಕೂ ಒಳ್ಳೆಯ ಗೊಬ್ಬರ. ಇಂತಹ ಸ್ಥಾವರಗಳ ಯಶಸ್ಸು ತೊಟ್ಟಿಯ ಗಾತ್ರಕ್ಕಿಂತಲೂ ಮುಸುರೆಯನ್ನು ಬೇರ್ಪಡಿಸಿ, ತೂಗಿ, ನಿಯಮದಂತೆ ಹಾಕುವ ಅಡುಗೆಯವರ ನಿತ್ಯದ ಶ್ರದ್ಧೆಯನ್ನು ಅವಲಂಬಿಸಿದೆ. ಆ ಹೊಣೆಯನ್ನು ಒಬ್ಬರಿಗೆ ನಿಗದಿಪಡಿಸಿ ತಕ್ಕ ತರಬೇತಿ ನೀಡುವುದು ಸ್ಥಾವರ ನಿರ್ಮಾಣದಷ್ಟೇ ಮುಖ್ಯವಾದ ಕಾರ್ಯ.