ದಂಡ ಕಟ್ಟಿದರೆ ತೀರಿತೇ?

ಮದುವೆಯ ಮುನ್ನಾದಿನದ ರಾತ್ರಿ. ಉಪ್ಪುಂದದ ಮನೆಯೊಂದರಲ್ಲಿ ಊಟ ಮುಗಿದಿದೆ. ಹಗಲೆಲ್ಲ ಮೀನಿನ ಟೆಂಪೋ ಓಡಿಸಿ ಸಂಸಾರ ನಡೆಸುವ ತರುಣನೊಬ್ಬ, ಗೆಳೆಯರ ಒತ್ತಾಯಕ್ಕೆ ಮಣಿದು ಕುಡಿದು, ತನ್ನ ಬೈಕನ್ನು ಹೆದ್ದಾರಿಯತ್ತ ತಿರುಗಿಸುತ್ತಾನೆಂದು ಭಾವಿಸೋಣ. ತಲೆಗೆ ಹೆಲ್ಮೆಟ್ಟಿಲ್ಲ. ದಾರಿಯಲ್ಲಿ ಪೊಲೀಸರು ತಡೆದು ಯಂತ್ರಕ್ಕೆ ಊದಿಸುತ್ತಾರೆ. ಅಂಕಿ ಮಿತಿಮೀರಿದೆ.

ಮರುದಿನ ಮನೆಯಲ್ಲಿ ತಾಯಿಯದು ಒಂದೇ ಮಾತು: “ದಂಡ ಕಟ್ಟಿ ಮುಗಿಸಿ ಬನ್ನಿ. ನಾಲ್ಕು ಜನರ ಕಿವಿಗೆ ಬೀಳುವುದು ಬೇಡ.” ತಂದೆ ಕುಂದಾಪುರದ ಬಸ್ಸು ಹತ್ತುತ್ತಾರೆ.

ಮಾನವಂತ ಕುಟುಂಬಗಳು ಎಡವುವುದು ಇಲ್ಲಿಯೇ. ಹೆಲ್ಮೆಟ್ಟಿಲ್ಲದ ತಪ್ಪಿಗೆ ರಸ್ತೆಯಲ್ಲೇ ದಂಡ ತೆತ್ತು ರಸೀದಿ ಪಡೆಯಬಹುದು. ಕುಡಿದು ವಾಹನ ನಡೆಸಿದ ಆರೋಪ ಹಾಗಲ್ಲ; ಅದು ನ್ಯಾಯಾಲಯದಲ್ಲಿಯೇ ತೀರಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೫ನೆಯ ಕಲಮಿನಂತೆ ೧೦೦ ಮಿಲಿಲೀಟರ್ ರಕ್ತದಲ್ಲಿ ೩೦ ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶ ಕಂಡರೆ ಅದು ಅಪರಾಧ. ೨೦೧೯ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೆ ೬ ತಿಂಗಳವರೆಗೆ ಸೆರೆ, ಇಲ್ಲವೆ ೧೦,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೊಮ್ಮೆ ಸಿಕ್ಕಿಬಿದ್ದರೆ ಸೆರೆಯ ಅವಧಿ ೨ ವರ್ಷದವರೆಗೆ ಏರುತ್ತದೆ, ದಂಡ ೧೫,೦೦೦.

ದಂಡಕ್ಕಿಂತ ದೊಡ್ಡ ನಷ್ಟ ಇನ್ನೊಂದುಂಟು. “ತಪ್ಪಾಯಿತು” ಎಂದು ಒಪ್ಪಿ ಹಣ ಕಟ್ಟಿದರೂ ಅದು ಶಿಕ್ಷೆಯೆಂದೇ ದಾಖಲಾಗುತ್ತದೆ. ಈ ಅಪರಾಧಕ್ಕೆ ಶಿಕ್ಷೆ ವಿಧಿಸುವ ನ್ಯಾಯಾಲಯವು ಕನಿಷ್ಠ ೬ ತಿಂಗಳ ಕಾಲ ಲೈಸೆನ್ಸಿನ ಅರ್ಹತೆಯನ್ನೂ ಕಿತ್ತುಕೊಳ್ಳಬೇಕೆಂದು ಕಾಯಿದೆಯ ೨೦ನೆಯ ಕಲಮು ಹೇಳುತ್ತದೆ. ಟೆಂಪೋ ಓಡಿಸಿ ಬದುಕುವವನಿಗೆ ಅದು ಅನ್ನದ ಪ್ರಶ್ನೆ. ಆದುದರಿಂದ ಒಪ್ಪಿಕೊಳ್ಳುವ ಮುನ್ನ ವಕೀಲರನ್ನು ಕಾಣುವುದು ವಿವೇಕ.

ವಕೀಲರು ಮಾಡುವುದೇನು? ಕಾಗದಗಳನ್ನು ಓದುತ್ತಾರೆ. ಯಂತ್ರದ ಚೀಟಿಯಲ್ಲಿ ಬರೆದಿರುವುದೇನು? ರಕ್ತಪರೀಕ್ಷೆ ಆಗಿದೆಯೇ? ಈ ಆರೋಪದ ಮೇಲೆ ವಾರಂಟಿಲ್ಲದೆ ಬಂಧಿಸಿದವನನ್ನು ೨ ಗಂಟೆಯೊಳಗೆ ವೈದ್ಯರಿಂದ ಪರೀಕ್ಷಿಸಬೇಕು. ಇಲ್ಲವಾದರೆ ಬಂಧನದಿಂದ ಬಿಡಬೇಕು. ಬಾಯಿಯ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಪಾಪೆ ಇಷ್ಟನ್ನೇ ನಂಬಿ ಒಬ್ಬನು ಕುಡಿದಿದ್ದನೆಂದು ತೀರ್ಮಾನಿಸಲಾಗದೆಂದು ಸುಪ್ರೀಂ ಕೋರ್ಟು ೧೯೭೧ರಲ್ಲಿ ಬಚೂಭಾಯಿ ಕರ್ಯಾಣಿ ಮೊಕದ್ದಮೆಯಲ್ಲಿ ಹೇಳಿತು. ಇಂತಹ ಲೋಪಗಳಿದ್ದರೆ ವಾದಕ್ಕೆ ಎಡೆಯುಂಟು. ಇಲ್ಲವಾದರೆ ತಪ್ಪೊಪ್ಪಿ ಕನಿಕರ ಬೇಡುವುದೇ ಲೇಸೆಂದು ಹೇಳುವವರೇ ಒಳ್ಳೆಯ ವಕೀಲರು. ಅವರೆದುರು ಮಾತ್ರ ಸತ್ಯವನ್ನು ಮುಚ್ಚಿಡಬಾರದು. ಎಷ್ಟು ಕುಡಿದಿದ್ದ, ಹಿಂದೆ ಎಂದಾದರೂ ಸಿಕ್ಕಿಬಿದ್ದಿದ್ದನೇ ಎಂಬುದನ್ನು ಅವರಿಗೆ ತಿಳಿಸಲೇಬೇಕು.

ಇನ್ನು ಆಯ್ಕೆಯ ಮಾತು. ಅಮೆರಿಕದಲ್ಲಿ ೧೯೭೭ರ ತೀರ್ಪೊಂದರ ಬಳಿಕ ವಕೀಲರು ಜಾಹೀರಾತು ಕೊಡಬಲ್ಲರು. ನಮ್ಮಲ್ಲಿ ವಕೀಲರ ಪರಿಷತ್ತಿನ ನಿಯಮ ಅದಕ್ಕೆ ಒಪ್ಪದು. ಆದುದರಿಂದ ಪರಿಚಿತರ ಮಾತೇ ನಮಗೆ ದಾರಿ. ಕೋರ್ಟಿನ ಹೊರಗೆ ನಿಂತು “ಹ್ವಾಯ್, ಎಲ್ಲ ನಮಗೆ ಬಿಡಿ, ಒಳಗೆ ಹೇಳಿ ಸರಿಮಾಡುತ್ತೇವೆ” ಎನ್ನುವವರಿಂದ ದೂರವಿರಬೇಕು. “ಗೆದ್ದರೆ ಇಷ್ಟು” ಎಂಬ ಕರಾರೂ ನಿಯಮಬಾಹಿರ. ಫೀಸು ಎಷ್ಟು, ಅದು ಎಲ್ಲ ವಾಯಿದೆಗಳಿಗೂ ಸೇರಿದೆಯೇ, ಇತರ ಖರ್ಚು ಯಾವುದು ಎಂದು ವಕಾಲತ್ತಿಗೆ ಸಹಿ ಹಾಕುವ ಮೊದಲೇ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಹಣವಿಲ್ಲದವರು ಕೈಚೆಲ್ಲಬೇಕಾಗಿಲ್ಲ. ಬಂಧಿತನಿಗೆ ತಾನು ಬಯಸಿದ ವಕೀಲರ ನೆರವು ಪಡೆಯುವ ಹಕ್ಕನ್ನು ಸಂವಿಧಾನದ ೨೨ನೆಯ ವಿಧಿ ಕೊಟ್ಟಿದೆ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಬಂಧನದಲ್ಲಿರುವವರಿಗೆ, ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಮತ್ತು ಆದಾಯ ಕಡಿಮೆಯಿರುವವರಿಗೆ ಉಚಿತವಾಗಿ ವಕೀಲರು ದೊರೆಯುತ್ತಾರೆ. ತಾಲ್ಲೂಕು ಸಮಿತಿಗೆ ಅರ್ಜಿ ಕೊಡಬಹುದು. ೧೫೧೦೦ ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು.

ಆದರೆ ವಕೀಲರ ಜಾಣ್ಮೆಗೂ ಒಂದು ಎಲ್ಲೆಯುಂಟು. ೨೦೦೬ರ ನವೆಂಬರಿನಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಕುಡಿದವನೊಬ್ಬನ ಕಾರು ಕಾಲುದಾರಿಯಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿಯಿತು. ೭ ಜನ ಸತ್ತರು. ಕೊಲೆಯಲ್ಲದ ಮಾನವಹತ್ಯೆಯೆಂದು ಅವನಿಗೆ ವಿಧಿಸಿದ್ದ ೩ ವರ್ಷಗಳ ಸೆರೆಯನ್ನು ೨೦೧೨ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸತ್ತವರನ್ನು ಯಾವ ವಾದವೂ ಮರಳಿಸಲಿಲ್ಲ.

ಉಪ್ಪುಂದದ ತರುಣ ಯಾರನ್ನೂ ಕೊಂದಿಲ್ಲ; ಅದು ಅವನ ಪುಣ್ಯ. ಆ ರಾತ್ರಿ ಯಾರಾದರೂ ಒಬ್ಬರು ಚಾಪೆ ಹಾಸಿ, “ಇಲ್ಲೇ ಮಲಗು, ಬೆಳಿಗ್ಗೆ ಹೋದರಾಯಿತು” ಎಂದಿದ್ದರೆ, ಅವನ ತಂದೆ ಕುಂದಾಪುರದ ಬಸ್ಸು ಹತ್ತಬೇಕಾಗಿರಲಿಲ್ಲ.