ನಾಲ್ಕು ತಕ್ಕಡಿಗಳ ಮೇಲೊಂದು ಕಾರು

ಶನಿವಾರಸಂತೆಗೆ ಆ ಹೆಸರು ಬಂದ ಬಗೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೊಡಗಿನ ಉತ್ತರದ ಅಂಚಿನಲ್ಲಿ, ಹಾಸನ ಜಿಲ್ಲೆಯ ಎಲ್ಲೆಗೆ ಸಮೀಪದಲ್ಲಿ, ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ ಊರು ಅದು. ತೂಕವೆಂಬುದು ಅಲ್ಲಿಯ ಜನಕ್ಕೆ ಹೊಸದಲ್ಲ. ಕಾಫಿಯ ಧಾರಣೆಯನ್ನು 50 ಕಿಲೋ ಮೂಟೆಯ ಲೆಕ್ಕದಲ್ಲಿ ವಿಚಾರಿಸುವವರು, ಮೆಣಸಿನ ಚೀಲ ತಕ್ಕಡಿಗೇರಿದಾಗ ರೆಪ್ಪೆ ಮಿಟುಕಿಸದೆ ನೋಡುವವರು ಅವರು. ಅಂಥವರನ್ನೂ ಒಂದು ಗಳಿಗೆ ತಬ್ಬಿಬ್ಬುಗೊಳಿಸುವ ತೂಕವೊಂದುಂಟು. ಕಾರೊಂದನ್ನು ಚಕ್ರಕ್ಕೊಂದರಂತೆ ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸುತ್ತಾರೆ. ಅನಂತರ ಒಂದು ಗುಂಜಿಯನ್ನೂ ಸೇರಿಸದೆ, ಒಂದು ಗುಂಜಿಯನ್ನೂ ತೆಗೆಯದೆ, ನಾಲ್ಕು ಅಂಕಿಗಳನ್ನೂ ಬದಲಿಸಿಬಿಡುತ್ತಾರೆ! ಮೊತ್ತ ಮಾತ್ರ ಮೊದಲಿನಷ್ಟೇ.

ಇದು ಇಂದ್ರಜಾಲವಲ್ಲ. ಪಂದ್ಯದ ಕಾರುಗಳಿಗೆ ಮಾಡುವ ಈ ಶುಶ್ರೂಷೆಗೆ ಕಾರ್ನರ್ ಬ್ಯಾಲೆನ್ಸಿಂಗ್ ಎಂದು ಹೆಸರು; ಮೂಲೆ ತೂಕದ ಹೊಂದಾಣಿಕೆ ಎಂದರೆ ನಮಗೆ ಅರ್ಥವಾದೀತು. ಕೊಡಗಿನಲ್ಲಿ ವಾಹನದ ಹುಚ್ಚು ಕಡಿಮೆಯದೇನಲ್ಲ. ತೋಟದ ಜೀಪುಗಳಲ್ಲಿ ಸ್ಟಿಯರಿಂಗ್ ಹಿಡಿಯಲು ಕಲಿತವರು, ಕೊಯ್ಲಾದ ಗದ್ದೆಗಳಲ್ಲಿ ಆಟೋಕ್ರಾಸ್ ಓಡಿಸಿದವರು, ಕಾಫಿ ತೋಟಗಳ ಮಣ್ಣು ಹಾದಿಯಲ್ಲಿ ರ‍್ಯಾಲಿಯ ಕಾರುಗಳು ಧೂಳೆಬ್ಬಿಸಿ ಹೋಗುವುದನ್ನು ಕಂಡವರು ಇಲ್ಲಿ ಬೇಕಾದಷ್ಟು ಮಂದಿ. ಆದರೆ ಡಾಂಬರಿನ ಪಂದ್ಯಪಥದಲ್ಲಿ ಓಡಿಸುವ ಆಸೆ ಹುಟ್ಟಿತೆಂದರೆ ಘಟ್ಟವಿಳಿದು ದೂರ ಹೋಗಬೇಕು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿ 1990ರಲ್ಲಿ ತೆರೆದ ಪಥವಿದೆ. ಕೊಯಮತ್ತೂರಿನಲ್ಲಿ 2003ರಲ್ಲಿ ತೆರೆದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮಣ್ಣಿನ ಹಾದಿ ಎಷ್ಟೋ ತಪ್ಪುಗಳನ್ನು ತನ್ನ ಧೂಳಿನಲ್ಲಿ ಮುಚ್ಚಿ ಹಾಕುತ್ತದೆ. ನುಣುಪಾದ ಡಾಂಬರು ಒಂದನ್ನೂ ಮುಚ್ಚುವುದಿಲ್ಲ.

ಮೂರು ಕಲ್ಲಿನ ಒಲೆಯನ್ನು ಓದುಗರು ನೆನಪಿಗೆ ತಂದುಕೊಳ್ಳಬೇಕು. ಕಲ್ಲುಗಳು ಏರುಪೇರಾಗಿದ್ದರೂ ಮೂರಕ್ಕೂ ಪಾತ್ರೆ ತಗಲಿಯೇ ಇರುತ್ತದೆ. ಓರೆಯಾದೀತೇ ಹೊರತು ಕುಲುಕಾಡದು. ಮಣ್ಣು ನೆಲದ ಮೇಲಿಟ್ಟ ನಾಲ್ಕು ಕಾಲಿನ ಮಂಚದ ಸಂಗತಿ ಬೇರೆ. ಒಂದು ಕಾಲು ಕೊಂಚ ಉದ್ದವಾದರೆ ಸಾಕು, ಆ ಕಾಲೂ ಅದಕ್ಕೆ ಕರ್ಣದಲ್ಲಿ ಎದುರಾದ ಕಾಲೂ ಸೇರಿ ಭಾರವನ್ನೆಲ್ಲ ಹೊರುತ್ತವೆ. ಉಳಿದೆರಡು ಕಾಲುಗಳು ಗಾಳಿಯಲ್ಲಿ ತೂಗಾಡುತ್ತವೆ. ಕಾರೆಂದರೆ ಸ್ಪ್ರಿಂಗಿನ ಕಾಲುಗಳುಳ್ಳ ಮಂಚ. ಸ್ಪ್ರಿಂಗುಗಳು ಬಾಗಿ ಕೊಡುವುದರಿಂದ ಕುಲುಕಾಟ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಭಾರ ಹಂಚಿಕೆಯಲ್ಲಿನ ವಂಚನೆ ಒಳಗೆ ಇದ್ದೇ ಇರುತ್ತದೆ.

ಒಂದು ಲೆಕ್ಕ ನೋಡೋಣ. ಚಾಲಕನೂ ಸೇರಿ 800 ಕಿಲೋ ತೂಗುವ ಚಿಕ್ಕದೊಂದು ಕಾರು ಇದೆಯೆನ್ನಿ. ಮುಂದಿನ ಬಲ ಚಕ್ರದ ಮೇಲೆ 268 ಕಿಲೋ, ಮುಂದಿನ ಎಡಕ್ಕೆ 212, ಹಿಂದಿನ ಬಲಕ್ಕೆ 148, ಹಿಂದಿನ ಎಡಕ್ಕೆ 172 ಎಂದು ತಕ್ಕಡಿಗಳು ಹೇಳಿದವು. ಮುಂಭಾಗದ ಭಾರ 480, ಬಲಮಗ್ಗುಲಿನ ಭಾರ 416. ಎಂಜಿನ್ ಮುಂದೆಯೂ ಚಾಲಕ ಬಲಕ್ಕೂ ಇರುವ ಕಾರಿನಲ್ಲಿ ಇದರಲ್ಲೇನೂ ಅತಿಶಯವಿಲ್ಲ. ಆದರೆ ಕರ್ಣದಲ್ಲಿ ಕೂಡಿ ನೋಡಿ: ಮುಂದಿನ ಬಲ, ಹಿಂದಿನ ಎಡ ಸೇರಿದರೆ 440, ಇನ್ನೊಂದು ಜೋಡಿಗೆ 360 ಮಾತ್ರ. ನೂರಕ್ಕೆ 55 ಪಾಲು ಒಂದೇ ಕರ್ಣದ ಮೇಲೆ ಕುಳಿತಿದೆ.

ಫಲವೇನು? ಬ್ರೇಕು ಒತ್ತಿದಾಗ ಮುಂದಿನ ಎರಡು ಚಕ್ರಗಳನ್ನೂ ಬ್ರೇಕು ಒಂದೇ ಬಲದಿಂದ ಹಿಡಿಯುತ್ತದೆ; ಹಗುರವಾದ ಎಡಚಕ್ರ ಮೊದಲು ತಿರುಗುವುದನ್ನು ನಿಲ್ಲಿಸಿ, ಉಜ್ಜಿಕೊಂಡು ಹೊಗೆಯಾಡುತ್ತದೆ. ತಿರುವಿನಲ್ಲಿ ಇನ್ನೂ ಕೇಡು. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ನೊಗದ ಭಾರವೆಲ್ಲ ಒಂದೇ ಎತ್ತಿನ ಹೆಗಲಿಗೆ ಬಿದ್ದ ಜೋಡಿಗಿಂತ ಸಮನಾಗಿ ಹೊತ್ತ ಜೋಡಿ ಚೆನ್ನಾಗಿ ಎಳೆಯುವುದಿಲ್ಲವೆ? ಹಾಗೆಯೇ ಇದೂ. ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ಸರಿಯುತ್ತದೆ. ಮೊದಲೇ ಬಳಲಿದ ಮುಂದಿನ ಬಲ ಟೈರಿನ ಮೇಲೆ ಮತ್ತಷ್ಟು ಹೊರೆ. ಮುಂದಿನ ಜೋಡಿ ಸೋತು, ಕಾರಿನ ಮೂತಿ ತಿರುವಿನ ಹೊರಗೆ ಜಾರುತ್ತದೆ. ಬಲಕ್ಕೆ ತಿರುಗಿದಾಗ ಇದರ ತದ್ವಿರುದ್ಧ: ಹಿಂದಿನ ಎಡ ಟೈರು ಸೋತು ಬಾಲ ಬೀಸುತ್ತದೆ. ಒಂದೇ ಕಾರು, ಒಬ್ಬನೇ ಚಾಲಕ, ಎರಡು ದಿಕ್ಕಿಗೆ ಎರಡು ಸ್ವಭಾವ! ಬಲತಿರುವಿನಲ್ಲಿ ಕಲಿತ ಕೈಚಳಕವನ್ನು ನಂಬಿ ಎಡತಿರುವಿಗೆ ನುಗ್ಗಿದವನು ಮರಳುಕುಣಿಯಲ್ಲಿ ಕಣ್ಣು ಬಿಟ್ಟರೆ ಅಚ್ಚರಿಯಿಲ್ಲ. ತನ್ನ ಧೈರ್ಯ ಸಾಲದೆಂದು ಅವನು ತನ್ನನ್ನೇ ಹಳಿದುಕೊಳ್ಳುವುದೂ ಉಂಟು. ಇಲ್ಲವೆ ಸಾಲ ಮಾಡಿ ಹೊಸ ಟೈರು ಕೊಳ್ಳುವುದುಂಟು. ಎರಡರಿಂದಲೂ ಆ 80 ಕಿಲೋ ಅಂತರ ಕರಗುವುದಿಲ್ಲ.

ಕರಗಿಸುವ ಉಪಾಯ ಮಂಚದ ಕಾಲಿನಲ್ಲೇ ಇದೆ. ಪಂದ್ಯದ ಷಾಕ್ ಅಬ್ಸಾರ್ಬರುಗಳಲ್ಲಿ ಸ್ಪ್ರಿಂಗು ಕೂರುವ ಬಟ್ಟಲಿನ ಅಡಿಗೆ ತಿರುಪಿನ ಉಂಗುರವಿರುತ್ತದೆ. ಅದನ್ನು ತಿರುಗಿಸಿದರೆ ಬಟ್ಟಲು ಏರುತ್ತದೆ, ಇಲ್ಲವೆ ಇಳಿಯುತ್ತದೆ. ಒಂದು ಮೂಲೆಯ ಬಟ್ಟಲನ್ನು ಏರಿಸಿದರೆ ಆ ಚಕ್ರಕ್ಕೂ ಅದರ ಕರ್ಣದ ಚಕ್ರಕ್ಕೂ ಭಾರ ಹೆಚ್ಚುತ್ತದೆ, ಉಳಿದೆರಡಕ್ಕೆ ಕಡಿಮೆಯಾಗುತ್ತದೆ. ನಮ್ಮ ಕಾರಿನಲ್ಲಿ ಭಾರವಾದ ಜೋಡಿಯನ್ನು ಕೊಂಚ ಇಳಿಸಿ, ಹಗುರವಾದ ಜೋಡಿಯನ್ನು ಕೊಂಚ ಏರಿಸಿದರೆ ಅಂಕಿಗಳು 248, 232, 168, 152ಕ್ಕೆ ಬಂದು ನಿಲ್ಲುತ್ತವೆ. ಈಗ ಎರಡು ಕರ್ಣಗಳೂ 400, 400. ಮುಂಭಾಗ ಇನ್ನೂ 480, ಬಲಮಗ್ಗುಲು ಇನ್ನೂ 416 ಎಂಬುದನ್ನು ಗಮನಿಸಬೇಕು. ಉಂಗುರವನ್ನು ದಿನವಿಡೀ ತಿರುಗಿಸಿದರೂ ಆ ಎರಡು ಮೊತ್ತ ಅಲ್ಲಾಡುವುದಿಲ್ಲ. ಅವನ್ನು ಬದಲಿಸಬೇಕಾದರೆ ವಸ್ತುವನ್ನೇ ಸಾಗಿಸಬೇಕು; ಬ್ಯಾಟರಿಯನ್ನು ಕಿತ್ತು ಹಿಂದಿನ ಎಡಮೂಲೆಗೆ ಕೂರಿಸುವುದು ಇದಕ್ಕಾಗಿಯೇ. ನಾಲ್ಕು ಚಕ್ರಕ್ಕೂ ಸಮ ತೂಕ ಬರಲಿಲ್ಲವೆಂದು ಕೊರಗುವ ಹೊಸಬರಿದ್ದಾರೆ. ಅದು ಸ್ಪ್ರಿಂಗು ಮಾಡಬಲ್ಲ ಕೆಲಸವೇ ಅಲ್ಲ.

ಕೆಲಸದಲ್ಲಿ ಬೇಕಾಗುವುದು ಬುದ್ಧಿಗಿಂತ ತಾಳ್ಮೆ. ಇದಕ್ಕೆಂದೇ ಮಾಡಿದ ತಕ್ಕಡಿಗಳಿಗೆ ಬೆಲೆ ಜಾಸ್ತಿ. ಆದರೆ ಕಾಫಿ, ಮೆಣಸು ಕೊಳ್ಳುವವರ ಗೋದಾಮುಗಳಲ್ಲಿರುವ, 300 ಕಿಲೋ ತೂಗುವ, ಒಂದೇ ಎತ್ತರದ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿಗಳು ಒದಗಿದರೆ ಚಿಕ್ಕ ಕಾರಿಗೆ ಧಾರಾಳವಾಗಿ ಸಾಕು. ಲಾರಿ ತೂಗುವ ಕಟ್ಟೆ ಇದಕ್ಕೆ ನಿರುಪಯೋಗಿ. ಮೊದಲು ನೆಲವನ್ನು ಪರೀಕ್ಷಿಸಬೇಕು. ಗಾರೆಯವರು ನೀರು ತುಂಬಿದ ನಳಿಕೆ ಹಿಡಿದು ಮಟ್ಟ ನೋಡುವಂತೆ ನಾಲ್ಕು ತಕ್ಕಡಿಗಳ ಮೇಲ್ಮೈಯನ್ನೂ ಒಂದೇ ಮಟ್ಟಕ್ಕೆ ತರಬೇಕು. ಗಡುಸು ಸ್ಪ್ರಿಂಗಿನ ಕಾರಿನಲ್ಲಿ ಕೆಲವೇ ಮಿಲಿಮೀಟರಿನ ತಗ್ಗು ಸಹ ಅಂಕಿಗಳನ್ನು ಕೆಡಿಸುತ್ತದೆ. ಟೈರಿನ ಗಾಳಿ, ಟ್ಯಾಂಕಿನ ಪೆಟ್ರೋಲು ಪಂದ್ಯದ ದಿನದಷ್ಟೇ ಇರಬೇಕು. ಎಡಬಲ ಚಕ್ರಗಳನ್ನು ಬೆಸೆಯುವ ಆಂಟಿ-ರೋಲ್ ಸರಳಿನ ಒಂದು ತುದಿಯನ್ನು ಬಿಚ್ಚಿಡಬೇಕು. ಅದರಲ್ಲಿ ಅಡಗಿರುವ ಮುರುಕು ಸುಳ್ಳು ಹೇಳಿಸೀತು. ಚಾಲಕನ ಆಸನ ಬರಿದಾಗಿರಬಾರದು. ಅವನೇ ಕೂರಬೇಕು, ಇಲ್ಲವೆ ಅವನ ತೂಕದ ಮೂಟೆ ಕೂರಬೇಕು. 70 ಕಿಲೋ ಆಳಿಗೆ ಒಂದು ಕಾಫಿ ಮೂಟೆಯೂ ಮೇಲೆ 20 ಕಿಲೋ ಅಕ್ಕಿಯೂ ಸರಿಹೋಗುತ್ತದೆ. ಜಾಕಿಯಿಂದ ಇಳಿಸಿದ ಕಾರಿನ ಟೈರುಗಳು ನೆಲಕ್ಕೆ ಅಂಟಿಕೊಂಡು ಬಿಗಿದಿರುತ್ತವೆ. ಆದ್ದರಿಂದ ಚಕ್ರದಡಿ ಗ್ರೀಸು ಸವರಿದ ಎರಡು ತಗಡು ಇಟ್ಟು, ಕಾರನ್ನು ನಾಲ್ಕಾರು ಬಾರಿ ಅದುಮಿ ಬಿಟ್ಟು, ಆಮೇಲಷ್ಟೇ ಅಂಕಿ ಬರೆದುಕೊಳ್ಳಬೇಕು. ಉಂಗುರವನ್ನು ಒಮ್ಮೆಗೆ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸಕೂಡದು. ಮತ್ತೆ ಅದುಮುವುದು, ಮತ್ತೆ ಬರೆಯುವುದು. ಬೆಳಗ್ಗೆ ಹಿಡಿದ ಕೆಲಸ ಸಂಜೆಯಾದರೂ ಮುಗಿಯದಿದ್ದರೆ ಬೇಸರಪಡಬಾರದು.

ಕಾರು ಹಗುರವಾದಷ್ಟೂ ಈ ನಿಷ್ಠೆಗೆ ಬೆಲೆ ಹೆಚ್ಚು. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿಯ ಎಂಜಿನ್ ಇಟ್ಟು ಒಬ್ಬನೇ ಕೂರುವ ಪಂದ್ಯದ ಕಾರನ್ನು ರೂಪಿಸಿ, ಈ ದುಬಾರಿ ಆಟವನ್ನು ಸಾಮಾನ್ಯ ಹುಡುಗರ ಕೈಗೆಟುಕುವಂತೆ ಮಾಡಿದರು. 1995ರಲ್ಲಿ ವಿಮಾನದ ಅಪಘಾತದಲ್ಲಿ ಅವರು ತೀರಿಕೊಂಡರು. ಮೇಲೆ ಹೇಳಿದ ಕರಿ ಪಥಕ್ಕೆ ಅವರದೇ ಹೆಸರು. ಅಂಥ ಪುಟ್ಟ ಕಾರಿನಲ್ಲಿ ಒಂದು ಚಕ್ರದ ಮೇಲಿನ ಹತ್ತು ಕಿಲೋ ಎಂದರೆ ದೊಡ್ಡ ಕಾರಿನ ಇಪ್ಪತ್ತು, ಮೂವತ್ತು ಕಿಲೋಗೆ ಸಮ.

ಕರ್ಣಗಳು ಎಲ್ಲೆಡೆಯೂ ಸಮವಾಗಿರಲೇಬೇಕೆಂಬ ಶಾಸನವೇನಿಲ್ಲ. ಅಮೆರಿಕದ ನ್ಯಾಸ್ಕಾರ್ ಪಂದ್ಯಗಳ ಅಂಡಾಕಾರದ ಪಥಗಳಲ್ಲಿ ಕಾರು ಎಡಕ್ಕಷ್ಟೇ ತಿರುಗುತ್ತದೆ. ಆದುದರಿಂದ ಅವರು ಬೇಕೆಂದೇ ಒಂದು ಕರ್ಣಕ್ಕೆ ಭಾರ ಕೂಡಿಸುತ್ತಾರೆ. ಪಂದ್ಯದ ನಡುವೆ ಕಾರು ನಿಂತ ಕೆಲವು ಸೆಕೆಂಡುಗಳಲ್ಲೇ ಹಿಂಗಾಜಿನ ಬಳಿಯ ರಂಧ್ರಕ್ಕೆ ಉದ್ದನೆಯ ಕೀಲಿ ತೂರಿಸಿ ಸ್ಪ್ರಿಂಗಿನ ತಿರುಪನ್ನು ಸರಿಪಡಿಸುವುದೂ ಉಂಟು. ನಮ್ಮ ಪಥಗಳಲ್ಲಿ ಎಡತಿರುವು, ಬಲತಿರುವು ಎರಡೂ ಇವೆ. ಆದರೆ ಚೆನ್ನೈಯಲ್ಲಿ ಓಟ ಗಡಿಯಾರದ ಮುಳ್ಳಿನ ದಿಕ್ಕಿಗೆ ಸಾಗುವುದರಿಂದ ಬಲತಿರುವುಗಳೇ ಮೇಲುಗೈ. ಭಾರ ಎಡಕ್ಕೆ ಒಲೆಯುವಾಗ ಬಲಗಡೆ ಕುಳಿತ ನಮ್ಮ ಚಾಲಕನ ಮೈಭಾರ ಎದುರುತೂಕವಾಗಿ ಒದಗುತ್ತದೆ. ಎಡಗಡೆ ಸ್ಟಿಯರಿಂಗ್ ಇರುವ ದೇಶದವರಿಗೆ ಈ ಪುಕ್ಕಟೆ ಲಾಭವಿಲ್ಲ!

ಒಂದು ಎಚ್ಚರಿಕೆ. ಕಾರ್ಖಾನೆಯಿಂದ ಬಂದ ಸಾಮಾನ್ಯ ಕಾರುಗಳ ಸ್ಪ್ರಿಂಗಿನ ಬಟ್ಟಲು ಏರದು, ಇಳಿಯದು. ಪಂದ್ಯದ ಸಾಮಗ್ರಿ ಕೂರಿಸಿದರೆ ಮಾತ್ರ ಈ ಮಾತೆಲ್ಲ ಅನ್ವಯ. ಆದರೆ ರಸ್ತೆಗೆಂದು ನೋಂದಣಿಯಾದ ವಾಹನದ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಬಿಡುವುದಿಲ್ಲ. ಅಪ್ಪಣೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ಹೂಡುವುದು 189ನೆಯ ಕಲಮಿನಂತೆ ಶಿಕ್ಷಾರ್ಹ. ಶನಿವಾರಸಂತೆಯಿಂದ ಸೋಮವಾರಪೇಟೆಗೆ ಹೋಗುವ ದಾರಿಯ ತಿರುವುಗಳು ಎಷ್ಟೇ ಕೈಬೀಸಿ ಕರೆದರೂ, ಅಲ್ಲಿ ಎದುರಿನಿಂದ ಬಸ್ಸು ಬರುತ್ತದೆ, ದನಗಳು ಬರುತ್ತವೆ, ಸಂತೆ ಮುಗಿಸಿದ ಜನ ಬರುತ್ತಾರೆ. ಈ ಕಾರನ್ನು ಲಾರಿಯ ಮೇಲೇರಿಸಿ ಪಥಕ್ಕೆ ಒಯ್ಯುವುದೇ ಸರಿ.

ಹೊರಡುವ ಮುನ್ನ ಇನ್ನೆರಡು ಕೆಲಸ ಬಾಕಿ ಇರುತ್ತವೆ. ಎತ್ತರ ಬದಲಾದಾಗ ಚಕ್ರಗಳ ನೇರವೂ ಬದಲಾಗಿರುತ್ತದೆ, ಅಲೈನ್‌ಮೆಂಟನ್ನು ಮತ್ತೆ ನೋಡಿಸಬೇಕು. ಬಿಚ್ಚಿಟ್ಟ ಆಂಟಿ-ರೋಲ್ ಸರಳನ್ನು ಚಾಲಕ ಆಸನದಲ್ಲಿರುವಾಗಲೇ, ಎಳೆತವಿಲ್ಲದಂತೆ ಉದ್ದ ಹೊಂದಿಸಿ ಜೋಡಿಸಬೇಕು. ಬಲವಂತದಿಂದ ಬೋಲ್ಟು ತೂರಿಸಿದರೆ ದಿನವೆಲ್ಲ ಪಟ್ಟ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ. ಉಂಗುರಗಳ ಮೇಲೆ ಬಣ್ಣದ ಗೆರೆ ಎಳೆದು, ಯಾವ ಮೂಲೆಗೆ ಎಷ್ಟು ಸುತ್ತು ಎಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರೆ, ಹೊಸ ಸ್ಪ್ರಿಂಗು ಮೊದಲ ಓಟದಲ್ಲಿ ಕೊಂಚ ಕುಗ್ಗಿ ಬಂದಾಗ ಎಲ್ಲಿಂದ ಆರಂಭಿಸಬೇಕೆಂಬುದು ತಿಳಿದಿರುತ್ತದೆ.